ಬೈಬಲ್ ಸಂಶೋಧನೆಯ ಬಾಗಿಲು ತೆರೆದಿದೆ, ಒಳಗೆ ಬಂದವರು ಯಾರು?

2012ರ ಸೆಪ್ಟೆಂಬರ್ 18ರಂದು ರೋಮ್ ನಗರದಲ್ಲಿ ಈಜಿಪ್ಟಿನ ಹಳೆಯ ಕ್ರೈಸ್ತರು ಬಳಸುತ್ತಿದ್ದ ಕಾಪ್ಟಿಕ್ ಭಾಷೆಯ ವಿದ್ವಾಂಸರ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯುತ್ತಿತ್ತು. ಹಾರ್ವರ್ಡ್‌ನ ಪ್ರೊಫೆಸರ್ ಕರೆನ್ ಕಿಂಗ್ ಅಲ್ಲಿ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಲದ ಹಾಳೆ) ಚೂರಿನ ವಿಷಯ ಹೇಳಿದರು. ಎಂಟು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲ, ಅಷ್ಟೇ. ಅದರಲ್ಲಿ ಅರ್ಧಂಬರ್ಧ ಸಾಲುಗಳು. ಒಂದು ಸಾಲಿನಲ್ಲಿ ಮಾತ್ರ ಜಗತ್ತೇ ತಿರುಗಿ ನೋಡುವಂಥ ಮಾತಿತ್ತು: 'ಯೇಸು ಅವರಿಗೆ ಹೇಳಿದನು, ನನ್ನ ಹೆಂಡತಿ...' ಅಲ್ಲಿಗೆ ಪಪೈರಸ್ ಹರಿದುಹೋಗಿತ್ತು.

ಕಿಂಗ್ ಸಣ್ಣ ವಿದ್ವಾಂಸೆ ಅಲ್ಲ. ಹಾರ್ವರ್ಡ್‌ನ ಹಾಲಿಸ್ ಪೀಠ 1721ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ಅಷ್ಟು ಹಳೆಯ ದತ್ತಿ ಪೀಠ ಇನ್ನೊಂದಿಲ್ಲ. 2009ರಲ್ಲಿ ಆ ಪೀಠಕ್ಕೆ ಬಂದ ಮೊದಲ ಮಹಿಳೆ ಅವರು. ಯೇಸುವಿಗೆ ಮದುವೆ ಆಗಿತ್ತು ಎಂದು ಇದರಿಂದ ಸಾಬೀತಾಗುವುದಿಲ್ಲ ಎಂದು ಅವರು ಮೊದಲೇ ಎಚ್ಚರಿಕೆಯ ಮಾತು ಹೇಳಿದ್ದರು. ಹಳೆಯ ಕಾಲದ ಕೆಲವು ಕ್ರೈಸ್ತರು ಹಾಗೆ ನಂಬಿದ್ದಿರಬಹುದು ಎನ್ನುವಷ್ಟೇ ಅವರ ವಾದ. ಪತ್ರಿಕೆಗಳು ಇಂಥ ಎಚ್ಚರಿಕೆಯನ್ನು ಕೇಳಿಸಿಕೊಳ್ಳುತ್ತವೆಯೇ? 'ಯೇಸುವಿನ ಹೆಂಡತಿ' ಎನ್ನುವ ತಲೆಬರಹ ಒಂದೇ ದಿನದಲ್ಲಿ ಭೂಮಿ ಸುತ್ತಿತು.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಹೆಂಡತಿಯ ವಿಷಯಕ್ಕಲ್ಲ, ಆಮೇಲೆ ನಡೆದದ್ದಕ್ಕೆ. ಬೈಬಲ್ ಕುರಿತ ಸಂಶೋಧನೆಯಲ್ಲಿ ಮಾತಾಡುವವರು ಯಾರು, ಯಾರ ಮಾತಿಗೆ ಬೆಲೆ ಇದೆ, ಯಾರು ಇನ್ನೂ ಹೊರಗೇ ಇದ್ದಾರೆ ಎನ್ನುವುದು ಈ ಒಂದು ಚೂರಿನ ಕತೆಯಲ್ಲಿ ಸಾಕಷ್ಟು ಕಾಣುತ್ತದೆ.

ಹಾರ್ವರ್ಡ್ ಒಂದು ಒಳ್ಳೆಯ ಕೆಲಸ ಮಾಡಿತು. ಪಪೈರಸ್‌ನ ಸ್ಪಷ್ಟವಾದ ಫೋಟೋಗಳನ್ನೂ ಕಿಂಗ್ ಬರೆದ ಲೇಖನದ ಕರಡನ್ನೂ ಜಾಲದಲ್ಲಿ ಹಾಕಿತು. ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ನೋಡಿದರು ಕೂಡ. ಒಂದು ವಾರ ತುಂಬುವ ಮೊದಲೇ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ವಾಟ್ಸನ್ ತಮ್ಮ ಅನುಮಾನ ಬರೆದರು. ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಕ್ ಗುಡೇಕರ್ ಅದಕ್ಕೆ ತಮ್ಮ ಬ್ಲಾಗಿನಲ್ಲಿ ಜಾಗ ಕೊಟ್ಟರು. ವಾಟ್ಸನ್ ಹೇಳಿದ್ದು ಇಷ್ಟು: ಚೂರಿನಲ್ಲಿರುವ ಪದಗಳೆಲ್ಲ ತೋಮನ ಸುವಾರ್ತೆಯಿಂದ ಅಲ್ಲೊಂದು ಇಲ್ಲೊಂದು ಎತ್ತಿ ಜೋಡಿಸಿದಂತಿವೆ. ತೋಮನ ಸುವಾರ್ತೆ ಬೈಬಲಿನಲ್ಲಿ ಸೇರದ ಒಂದು ಹಳೆಯ ಗ್ರಂಥ. ಅದರ ಪೂರ್ತಿ ಕಾಪ್ಟಿಕ್ ಪ್ರತಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ 1945ರಲ್ಲಿ ಸಿಕ್ಕಿತ್ತು.

ಅನುಮಾನ ಬೇರೆ, ಪುರಾವೆ ಬೇರೆ. ಪುರಾವೆ ಕೊಟ್ಟದ್ದು ಆಂಡ್ರ್ಯೂ ಬರ್ನ್‌ಹಾರ್ಡ್. ಅವರಿಗೆ ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇರಲಿಲ್ಲ, ಸ್ವತಂತ್ರವಾಗಿ ಓದಿಕೊಂಡವರು. ತೋಮನ ಸುವಾರ್ತೆಯ ಕಾಪ್ಟಿಕ್ ಪಠ್ಯಕ್ಕೆ ಪದದ ಕೆಳಗೆ ಪದ ಇಂಗ್ಲಿಷ್ ಅರ್ಥ ಕೊಟ್ಟ ಒಂದು ಫೈಲ್ ಜಾಲದಲ್ಲಿತ್ತು. ಅದನ್ನು ಮಾಡಿದವರೂ ಒಬ್ಬ ಹವ್ಯಾಸಿಯೇ. 2002ರ ಆ ಪಿಡಿಎಫ್‌ನಲ್ಲಿ ಒಂದು ಕಡೆ ಒಂದು ಅಕ್ಷರ ಬಿಟ್ಟುಹೋಗಿತ್ತು. ಕರ್ಮಪದದ ಮೊದಲು ಬರಬೇಕಾದ ಅಕ್ಷರ ಅದು, ಟೈಪ್ ಮಾಡುವಾಗ ತಪ್ಪಿದ್ದು. ಹಾರ್ವರ್ಡ್‌ನ ಪಪೈರಸ್‌ನಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರ ಇರಲಿಲ್ಲ. ಸಾವಿರ ವರ್ಷಕ್ಕೂ ಹಿಂದಿನ ಲಿಪಿಕಾರ 2002ರ ಪಿಡಿಎಫ್ ನೋಡಿ ಬರೆದಿರಲು ಸಾಧ್ಯವಿಲ್ಲ, ಅಲ್ವಾ?

ಇದು ಹೊರಗೆ ಬಂದದ್ದು 2012ರ ಅಕ್ಟೋಬರ್‌ನಲ್ಲೇ. ಕೆಲಸ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚೂರು ಪ್ರಯೋಗಾಲಯಗಳಿಗೆ ಹೋಯಿತು. ಕೊಲಂಬಿಯಾದಲ್ಲಿ ಶಾಯಿ ನೋಡಿದರು, ಎಂಐಟಿಯಲ್ಲಿ ಪಪೈರಸ್ ನೋಡಿದರು, ಕಾರ್ಬನ್ ಪರೀಕ್ಷೆಯೂ ಆಯಿತು. ಪಪೈರಸ್ ಏಳು ಎಂಟನೆಯ ಶತಮಾನದ್ದು, ಶಾಯಿಯಲ್ಲಿ ಹೊಸದೆನ್ನುವ ಗುರುತು ಕಾಣುವುದಿಲ್ಲ ಎಂದು ವರದಿ ಬಂತು. 2014ರ ಏಪ್ರಿಲ್‌ನಲ್ಲಿ ಹಾರ್ವರ್ಡ್‌ನ ದೇವತಾಶಾಸ್ತ್ರ ಪತ್ರಿಕೆ ಎಲ್ಲವನ್ನೂ ಅಚ್ಚು ಮಾಡಿತು. ದುಬಾರಿ ಯಂತ್ರಗಳು ತಪ್ಪು ಹೇಳಲಿಲ್ಲ. ಪಪೈರಸ್ ನಿಜಕ್ಕೂ ಹಳೆಯದೇ ಆಗಿತ್ತು. ಹಳೆಯ ಖಾಲಿ ಪಪೈರಸ್ ಚೂರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಮಸಿ ಕಪ್ಪಿನ ಶಾಯಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅದರ ಮೇಲೆ ಬರೆದದ್ದು ಯಾವಾಗ ಎಂದು ಯಂತ್ರ ಹೇಳಲಾರದು.

ಆ ವರದಿಗಳು ಬಂದ ಕೆಲವೇ ದಿನಗಳಲ್ಲಿ ಕ್ರಿಶ್ಚಿಯನ್ ಆಸ್ಕೆಲಂಡ್ ಎನ್ನುವ ಕಾಪ್ಟಿಕ್ ವಿದ್ವಾಂಸರ ಕಣ್ಣಿಗೆ ಇನ್ನೊಂದು ಫೋಟೋ ಬಿತ್ತು. ಕಿಂಗ್ ಅವರಿಗೆ ಮೊದಲ ಚೂರು ಕೊಟ್ಟಿದ್ದ ಮಾಲೀಕನ ಬಳಿಯೇ ಇದ್ದ ಯೋಹಾನನ ಸುವಾರ್ತೆಯ ಚೂರು ಅದು. ಹೋಲಿಕೆಗೆಂದು ಪರೀಕ್ಷೆಗೆ ಕೊಟ್ಟಿದ್ದರು. ಎರಡರ ಕೈಬರಹವೂ ಒಂದೇ, ಶಾಯಿಯೂ ಒಂದೇ. ಈ ಯೋಹಾನನ ಚೂರಿನ ಸಾಲುಗಳು 1924ರಲ್ಲಿ ಹರ್ಬರ್ಟ್ ಥಾಂಪ್ಸನ್ ಅಚ್ಚು ಹಾಕಿಸಿದ ಒಂದು ಕಾಪ್ಟಿಕ್ ಹಸ್ತಪ್ರತಿಯ ಸಾಲುಗಳ ಜೊತೆ ಕರಾರುವಾಕ್ಕಾಗಿ ಹೊಂದುತ್ತಿದ್ದವು. ಒಂದು ಸಾಲು ಬಿಟ್ಟು ಒಂದು ಸಾಲು ನಕಲು ಮಾಡಿದಂತೆ. ಅದು ಬರೆದಿದ್ದ ಉಪಭಾಷೆಯೂ ಆ ಪಪೈರಸ್ ಹುಟ್ಟುವ ಹೊತ್ತಿಗೆ ಬಳಕೆಯಿಂದ ಹೋಗಿಯಾಗಿತ್ತು. 2016ರಲ್ಲಿ ಏರಿಯಲ್ ಸೇಬರ್ ಎನ್ನುವ ಪತ್ರಕರ್ತ ಅಟ್ಲಾಂಟಿಕ್ ಪತ್ರಿಕೆಗಾಗಿ ಚೂರಿನ ಮಾಲೀಕನನ್ನು ಫ್ಲೋರಿಡಾದಲ್ಲಿ ಪತ್ತೆ ಮಾಡಿದರು. ಅವನು ಹಿಂದೆ ಬರ್ಲಿನ್‌ನಲ್ಲಿ ಈಜಿಪ್ಟ್ ವಿದ್ಯೆ ಓದಿದವನು. ತಾನು ನಕಲು ಮಾಡಿಲ್ಲ ಎಂದು ಅವನು ಹೇಳಿದ. ಆದರೆ ಅದನ್ನೆಲ್ಲ ಓದಿದ ಮೇಲೆ ಕಿಂಗ್ ಅವರೇ ತಕ್ಕಡಿ ನಕಲಿನ ಕಡೆಗೆ ವಾಲುತ್ತಿದೆ ಎಂದು ಒಪ್ಪಿಕೊಂಡರು.

ಕನ್ನಡ ಓದುಗರಿಗೆ ಈ ಕೆಲಸದ ರೀತಿ ಹೊಸದಲ್ಲ. ಪಂಪನದೋ ಕುಮಾರವ್ಯಾಸನದೋ ಓಲೆಗರಿ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ನೋಡುತ್ತಾರಲ್ಲ, ಅದೇ ಗ್ರಂಥಸಂಪಾದನೆ ಇದು. ವ್ಯತ್ಯಾಸ ಏನೆಂದರೆ ಇಲ್ಲಿ ಈ ಕೆಲಸ ಎಲ್ಲರ ಕಣ್ಣೆದುರಿಗೆ, ದಿನದಿನವೂ, ಜಾಲದಲ್ಲೇ ನಡೆಯಿತು. ಅದರಲ್ಲಿ ದೊಡ್ಡ ಪ್ರೊಫೆಸರ್‌ಗಳೂ ಇದ್ದರು, ಹುದ್ದೆ ಇಲ್ಲದವರೂ ಇದ್ದರು, ಹವ್ಯಾಸಿಗಳೂ ಇದ್ದರು. ಪದವಿ ನೋಡಿ ಯಾರೂ ಬಾಯಿ ಮುಚ್ಚಿಸಲಿಲ್ಲ.

ಹಿಂದೆ ಹೀಗಿರಲಿಲ್ಲ. ಮೃತ ಸಮುದ್ರದ ಸುರುಳಿಗಳ ಕತೆ ನೋಡಿ. 1947ರಿಂದ ಸಿಗತೊಡಗಿದ ಆ ಹೀಬ್ರೂ ಹಸ್ತಪ್ರತಿಗಳಲ್ಲಿ ಬಹುಪಾಲು ಚೂರುಗಳನ್ನು 1950ರ ದಶಕದ ಮೊದಲಲ್ಲಿ ಒಂದು ಸಣ್ಣ ತಂಡದ ಕೈಗೆ ಕೊಟ್ಟರು. ಜಾಗ ಪೂರ್ವ ಜೆರುಸಲೇಮ್, ಆಗ ಅದು ಜೋರ್ಡಾನ್ ಕೈಯಲ್ಲಿತ್ತು. ಯೆಹೂದಿಗಳ ಪೂರ್ವಜರು ಬರೆದಿಟ್ಟ ಸುರುಳಿಗಳು, ತಂಡದಲ್ಲಿ ಒಬ್ಬ ಯೆಹೂದಿಯೂ ಇಲ್ಲ! ಒಬ್ಬ ಹೆಂಗಸೂ ಇರಲಿಲ್ಲ. ಅವರು ತಮ್ಮ ಪಾಲಿನ ಚೂರುಗಳನ್ನು ತಾವೂ ಬೇಗ ಅಚ್ಚು ಹಾಕಿಸಲಿಲ್ಲ, ಬೇರೆಯವರಿಗೂ ತೋರಿಸಲಿಲ್ಲ. ನಲವತ್ತು ವರ್ಷ ಹೀಗೇ ಕಳೆಯಿತು. ಬೇಲಿ ಮುರಿದದ್ದು 1991ರಲ್ಲಿ. ಸಿನ್ಸಿನಾಟಿಯ ಬೆನ್ ಜಿಯಾನ್ ವಾಕ್‌ಹೋಲ್ಡರ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಅಬೆಗ್ ತಂಡದವರೇ ಮಾಡಿಟ್ಟಿದ್ದ ಪದಸೂಚಿಯನ್ನು ಕಂಪ್ಯೂಟರ್‌ಗೆ ಹಾಕಿ, ಹಿಂದಿನಿಂದ ಮುಂದಕ್ಕೆ ಪಠ್ಯ ಕಟ್ಟಿ ತೆಗೆದರು. ವಾಕ್‌ಹೋಲ್ಡರ್ ಅವರಿಗೆ ಆಗ ಕಣ್ಣು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯ ತನ್ನಲ್ಲಿದ್ದ ಫೋಟೋಗಳನ್ನು ಎಲ್ಲ ವಿದ್ವಾಂಸರಿಗೂ ತೆರೆಯಿತು.

ಬೇಲಿ ಹಾಕುವ ಚಟ ಅಲ್ಲಿಗೆ ಹೋಯಿತು ಅಂದುಕೊಂಡರೆ ತಪ್ಪು. 2006ರಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಸಂಸ್ಥೆ, ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ಹೆಸರಿನ ಸುವಾರ್ತೆಯನ್ನು ದೊಡ್ಡ ಸದ್ದು ಮಾಡಿ ಹೊರತಂದಿತು. ಕೆಲಸ ಮಾಡಿದ ವಿದ್ವಾಂಸರ ಹತ್ತಿರ ಬಾಯಿ ಬಿಡುವುದಿಲ್ಲ ಎಂದು ಮೊದಲೇ ಸಹಿ ಹಾಕಿಸಿಕೊಂಡಿತ್ತು. ಯೂದನನ್ನು ಅವರು ಹೆಚ್ಚುಕಡಿಮೆ ನಾಯಕನನ್ನಾಗಿ ತೋರಿಸಿದರು. ರೈಸ್ ವಿಶ್ವವಿದ್ಯಾಲಯದ ಏಪ್ರಿಲ್ ಡಿಕೋನಿಕ್ ಕಾಪ್ಟಿಕ್ ಪಠ್ಯವನ್ನು ತಾವೇ ಓದಿ, ಇಲ್ಲಿ ಯೂದ ನಾಯಕ ಅಲ್ಲವೇ ಅಲ್ಲ ಎಂದರು. ಗುಟ್ಟಾಗಿ ಕೆಲಸ ಮಾಡಿದ್ದರಿಂದಲೇ ಇಂಥ ತಪ್ಪು ಆಯಿತು ಎನ್ನುವುದು ಅವರ ದೂರು. ಅವರು ತಮ್ಮ ವಾದವನ್ನು ಪತ್ರಿಕೆಯಲ್ಲೂ ಬರೆದರು, ತಮ್ಮದೇ ಬ್ಲಾಗಿನಲ್ಲೂ ಬರೆದರು. ಆಗ ಈ ಕ್ಷೇತ್ರದಲ್ಲಿ ಜಾಲದಲ್ಲಿ ಬರೆಯುತ್ತಿದ್ದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಆಮೇಲೆ ಬಂದದ್ದು ಮಾರ್ಕನ ಚೂರು. 2012ರ ಫೆಬ್ರವರಿಯಲ್ಲಿ ಒಂದು ಸಾರ್ವಜನಿಕ ಚರ್ಚೆಯಲ್ಲಿ ಡೇನಿಯಲ್ ವಾಲೆಸ್ ಎನ್ನುವ ವಿದ್ವಾಂಸರು, ಮೊದಲನೆಯ ಶತಮಾನದ ಮಾರ್ಕನ ಸುವಾರ್ತೆಯ ಚೂರು ಸಿಕ್ಕಿದೆ ಎಂದರು. ಫೋಟೋ ಇಲ್ಲ, ಪಠ್ಯ ಇಲ್ಲ, ಯಾರ ಹತ್ತಿರ ಇದೆ ಎನ್ನುವುದೂ ಇಲ್ಲ. ಆರು ವರ್ಷ ಬರೀ ಗಾಳಿಸುದ್ದಿ. ಪ್ರವಚನಗಳಲ್ಲೂ ವಿಡಿಯೋಗಳಲ್ಲೂ ಅದು ಸತ್ಯದ ಹಾಗೆ ಓಡಾಡಿತು. 2018ರಲ್ಲಿ ಆಕ್ಸ್‌ಫರ್ಡ್‌ನ ಆಕ್ಸಿರಿಂಕಸ್ ಪಪೈರಸ್ ಸಂಗ್ರಹದ ಸಂಪುಟದಲ್ಲಿ ಅದು ಪ್ರಕಟವಾಯಿತು. ಅದರ ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯ ಶತಮಾನದ ಮೊದಲು. ಆದರೆ ಆ ಸಂಗ್ರಹ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿಯ ಸ್ವತ್ತು, ಮಾರಾಟಕ್ಕಿರುವುದೇ ಅಲ್ಲ. ಹಾಗಾದರೆ ಇದನ್ನು ಅಮೆರಿಕದ ಒಂದು ಕಂಪನಿಗೆ ಮಾರಲು ಹೊರಟಿದ್ದವರು ಯಾರು? 2019ರ ಜೂನ್‌ನಲ್ಲಿ ಬ್ರೆಂಟ್ ನಾಂಗ್‌ಬ್ರಿ ಮೊದಲಾದ ಸಂಶೋಧಕರ ಮೂಲಕ ಮಾರಾಟದ ಕರಾರುಪತ್ರವೇ ಜಾಲಕ್ಕೆ ಬಂತು. ಅದರಲ್ಲಿ ಇದ್ದ ಹೆಸರು ಆಕ್ಸ್‌ಫರ್ಡ್‌ನ ಖ್ಯಾತ ಪಪೈರಸ್ ತಜ್ಞ ಡರ್ಕ್ ಆಬ್ಬಿಂಕ್ ಅವರದು. ಕೊಂಡವರು ಹಾಬಿ ಲಾಬಿ ಕಂಪನಿ, ವಾಷಿಂಗ್ಟನ್‌ನ ಬೈಬಲ್ ಮ್ಯೂಸಿಯಂ ಹಿಂದೆ ಇರುವ ಗ್ರೀನ್ ಕುಟುಂಬದ್ದು. ಆಬ್ಬಿಂಕ್ ಆರೋಪಗಳನ್ನು ಅಲ್ಲಗಳೆದರು. 2020ರಲ್ಲಿ ಪೊಲೀಸರು ಅವರನ್ನು ಬಂಧಿಸಿ ವಿಚಾರಿಸಿದರು. ಸೊಸೈಟಿಯ ಸಂಗ್ರಹದಿಂದ ನೂರಕ್ಕೂ ಹೆಚ್ಚು ಚೂರುಗಳು ಕಾಣೆಯಾಗಿದ್ದವು ಎಂದು ಆ ಹೊತ್ತಿಗೆ ಗೊತ್ತಾಗಿತ್ತು.

ಎರಡು ಕತೆ ಪಕ್ಕಪಕ್ಕ ಇಡಿ. ಹಾರ್ವರ್ಡ್ ಫೋಟೋ ಹಾಕಿತು, ಒಂದು ತಿಂಗಳೊಳಗೆ ನಕಲಿನ ಸುಳಿವು ಸಿಕ್ಕಿತು. ಮಾರ್ಕನ ಚೂರನ್ನು ಗುಟ್ಟಾಗಿ ಇಟ್ಟರು, ಆರು ವರ್ಷ ಜಗತ್ತು ಸುಳ್ಳು ನಂಬಿತು. ಕರೆನ್ ಕಿಂಗ್ ಅವರನ್ನು ಬೈಯುವವರು ಜಾಸ್ತಿ. ಚೂರು ಎಲ್ಲಿಂದ ಬಂತು ಎಂದು ಅವರು ಸರಿಯಾಗಿ ವಿಚಾರಿಸಲಿಲ್ಲ, ಅದು ದೊಡ್ಡ ತಪ್ಪೇ. ಆದರೂ ಅವರು ಪುರಾವೆಯನ್ನು ಬಯಲಲ್ಲಿ ಇಟ್ಟರು. ಅದಕ್ಕೆ ಅವರಿಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಈಗ ನಮ್ಮ ಪ್ರಶ್ನೆಗೆ ಬರೋಣ. ಪುರಾವೆ ಬಯಲಿಗೆ ಬಂದರೆ ಎಲ್ಲರೂ ಬರುತ್ತಾರೆ ಎನ್ನುವುದು 2003ರ ಸುಮಾರಿಗೆ ಬೈಬಲ್ ವಿದ್ವಾಂಸರು ಜಾಲದಲ್ಲಿ ಬರೆಯಲು ಶುರು ಮಾಡಿದಾಗಿನ ನಂಬಿಕೆ. ಆ ವರ್ಷ ಜಿಮ್ ಡವಿಲಾ ಬರೆಯತೊಡಗಿದರು, ಗುಡೇಕರ್ ಬರೆಯತೊಡಗಿದರು. ಕೆಲವೇ ವರ್ಷಗಳಲ್ಲಿ ಹತ್ತಾರು ಜನ ಸೇರಿದರು. ಯಾರನ್ನು ಎಷ್ಟು ಜನ ಓದುತ್ತಾರೆ ಎಂದು ತಿಂಗಳಿಗೊಮ್ಮೆ ಪಟ್ಟಿ ಮಾಡುವ ಹುಚ್ಚೂ ಹತ್ತಿತು. ಆ ಪಟ್ಟಿಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು: ಗಂಡಸರು, ಬಿಳಿಯರು, ಇಂಗ್ಲಿಷಿನವರು. ಹೆಂಗಸರು ಎಲ್ಲಿ ಎಂದು ಅವರವರೇ ಆಗಾಗ ಕೇಳಿಕೊಂಡರು. ಬರೆಯಬೇಡಿ ಅಂತ ಯಾರಾದರೂ ಹೇಳಿದ್ದಾರಾ, ಬಂದು ಬರೆಯಲಿ ಎನ್ನುವ ಉತ್ತರ ಸುಲಭವಾಗಿ ಸಿಗುತ್ತಿತ್ತು.

ಅಷ್ಟು ಸುಲಭ ಇಲ್ಲ. ಮೊದಲನೆಯದಾಗಿ ಕ್ಷೇತ್ರವೇ ಹಾಗಿದೆ. ಅಮೆರಿಕದ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ 1880ರಲ್ಲಿ ಹುಟ್ಟಿತು. ಮೊದಲ ಮಹಿಳಾ ಸದಸ್ಯೆ ಅನಾ ರೋಡ್ಸ್ ಲ್ಯಾಡ್ ಸೇರಿದ್ದು 1894ರಲ್ಲಿ. ಮೊದಲ ಮಹಿಳಾ ಅಧ್ಯಕ್ಷೆ ಎಲಿಜಬೆತ್ ಶೂಸ್ಲರ್ ಫಿಯೊರೆಂಜಾ ಆ ಕುರ್ಚಿಗೆ ಬಂದದ್ದು 1987ರಲ್ಲಿ. ಅಂದರೆ ನೂರೇಳು ವರ್ಷ ಕಾದ ಮೇಲೆ. ಮೊದಲ ಕಪ್ಪು ಅಧ್ಯಕ್ಷ ವಿನ್ಸೆಂಟ್ ವಿಂಬುಷ್ 2010ರಲ್ಲಿ, ಏಷ್ಯಾ ಮೂಲದ ಮೊದಲ ಅಧ್ಯಕ್ಷೆ ಗೇಲ್ ಯೀ 2019ರಲ್ಲಿ. ಇವತ್ತಿಗೂ ಸದಸ್ಯರಲ್ಲಿ ಹೆಂಗಸರು ಸುಮಾರು ನಾಲ್ಕನೇ ಒಂದು ಭಾಗ. ಹೊಲದಲ್ಲೇ ಇಲ್ಲದ್ದು ಸಂತೆಗೆ ಎಲ್ಲಿಂದ ಬರಬೇಕು?

ಎರಡನೆಯದು ಸಮಯ. ಜಾಲದಲ್ಲಿ ಬರೆದದ್ದಕ್ಕೆ ಸಂಬಳ ಇಲ್ಲ. ಬಡ್ತಿಯ ಲೆಕ್ಕಕ್ಕೂ ಅದು ಸಾಮಾನ್ಯವಾಗಿ ಬರುವುದಿಲ್ಲ. ಕಾಯಂ ಹುದ್ದೆ ಇದ್ದವರು ಸಂಜೆ ಹೊತ್ತು ಸುಮ್ನೆ ಕೂತು ಬರೆಯಬಹುದು. ವರ್ಷಕ್ಕೊಮ್ಮೆ ಕರಾರು ಬದಲಾಗುವ ಅತಿಥಿ ಉಪನ್ಯಾಸಕಿ, ಮನೆಗೆ ಹೋಗಿ ಅಡುಗೆಯನ್ನೂ ಮಕ್ಕಳನ್ನೂ ನೋಡಬೇಕಾದವಳು, ಅದೇ ಸಮಯವನ್ನು ಅಚ್ಚಾಗುವ ಲೇಖನಕ್ಕೆ ಕೊಡುತ್ತಾಳೆ. ಅದೇ ಜಾಣತನ ಕೂಡ.

ಮೂರನೆಯದು ಮಾತಿನ ಧಾಟಿ. ಆಸ್ಕೆಲಂಡ್ ಯೋಹಾನನ ಚೂರು ನಕಲು ಎಂದು ತೋರಿಸಿದ ಬರಹ ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಅದರ ತಲೆಬರಹ, ಯೇಸುವಿಗೆ ಕುರೂಪಿ ನಾದಿನಿ ಒಬ್ಬಳಿದ್ದಳು ಎನ್ನುವಂತಿತ್ತು. ಎರಡು ಚೂರುಗಳನ್ನು ಅಕ್ಕತಂಗಿಯರು ಎಂದು ಕರೆದು ಮಾಡಿದ ತಮಾಷೆ. ಹಾರ್ವರ್ಡ್‌ನ ಒಬ್ಬ ಪ್ರೊಫೆಸರ್ ಹೆಂಗಸಾದದ್ದರಿಂದಲೇ ಈ ನಗು ಇಷ್ಟು ಸಲೀಸಾಗಿ ಬಂತು ಎಂದು ಅನೇಕ ವಿದ್ವಾಂಸೆಯರಿಗೆ ಅನ್ನಿಸಿತು. ಇವಾ ಮ್ರೊಚೆಕ್ ಇದರ ಬಗ್ಗೆ ಖಾರವಾಗಿಯೇ ಬರೆದರು. ಚೂರು ನಕಲಿರಬಹುದು, ಅದನ್ನು ಸುತ್ತಿಕೊಂಡ ಹೆಣ್ಣಿನ ಮೇಲಿನ ತಾತ್ಸಾರ ಮಾತ್ರ ನಕಲಲ್ಲ ಎನ್ನುವುದು ಅವರ ವಾದದ ತಿರುಳು. ಆಸ್ಕೆಲಂಡ್ ಹೇಳಿದ ವಿಷಯವೂ ಸರಿ, ಮ್ರೊಚೆಕ್ ಹೇಳಿದ್ದೂ ಸರಿ. ನನಗೆ ಎರಡರಲ್ಲಿ ಒಂದನ್ನು ಆರಿಸುವ ಅಗತ್ಯ ಕಾಣುವುದಿಲ್ಲ. ಆದರೆ ಇಂಥ ಧಾಟಿಯನ್ನು ದೂರದಿಂದ ನೋಡುವ ಸಂಶೋಧನಾ ವಿದ್ಯಾರ್ಥಿನಿ, ಇಲ್ಲಿಗೆ ನಾನು ಹೋಗುವುದೇಕೆ ಅಂದುಕೊಂಡರೆ ತಪ್ಪೆನ್ನಲಾಗದು.

ಬಂದ ಹೆಂಗಸರು ಮಾಡಿದ ಕೆಲಸ ನೋಡಿದರೆ ಬಾರದವರಿಂದ ಎಷ್ಟು ನಷ್ಟ ಆಗಿದೆ ಎಂದು ಗೊತ್ತಾಗುತ್ತದೆ. ಮ್ಯಾಂಚೆಸ್ಟರ್‌ನಲ್ಲಿದ್ದ ಇಟಲಿಯ ಪಪೈರಸ್ ತಜ್ಞೆ ರಾಬರ್ಟಾ ಮಾಟ್ಸಾ 2014ರಲ್ಲಿ ವ್ಯಾಟಿಕನ್‌ನ ಒಂದು ಪ್ರದರ್ಶನಕ್ಕೆ ಹೋದರು. ಗ್ರೀನ್ ಕುಟುಂಬದ ಸಂಗ್ರಹ ಅಲ್ಲಿತ್ತು. ಗಾಜಿನ ಹಿಂದೆ ಗಲಾತ್ಯ ಪತ್ರಿಕೆಯ ಒಂದು ಕಾಪ್ಟಿಕ್ ಚೂರು. ಅದೇ ಚೂರು 2012ರಲ್ಲಿ ಇಬೇಯಲ್ಲಿ ಮಾರಾಟಕ್ಕಿತ್ತು! ಅವರು ಅದನ್ನು ಬರೆದರು, ಎಲ್ಲಿಂದ ತಂದಿರಿ ಎಂದು ಕೇಳಿದರು, ಮತ್ತೆ ಮತ್ತೆ ಕೇಳಿದರು. ಆಗ ಅದು ಹಟದ ಹಾಗೆ ಕಂಡಿರಬಹುದು. 2017ರಲ್ಲಿ ಹಾಬಿ ಲಾಬಿ ಕಂಪನಿ ಇರಾಕ್‌ನಿಂದ ಬಂದ ಸಾವಿರಾರು ವಸ್ತುಗಳನ್ನು ಬಿಟ್ಟುಕೊಟ್ಟು 30 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. 2020ರ ಮಾರ್ಚ್‌ನಲ್ಲಿ ಬೈಬಲ್ ಮ್ಯೂಸಿಯಂ ತನ್ನ ಬಳಿ ಇದ್ದ ಮೃತ ಸಮುದ್ರದ ಸುರುಳಿಯ 16 ಚೂರುಗಳೂ ನಕಲು ಎಂದು ತಾನೇ ಪ್ರಕಟಿಸಿತು.

ಕೆಲಸ ಹೋಗುವ ಭಯ ಮಾತ್ರ ಗಂಡಸರನ್ನೂ ಬಿಡುವುದಿಲ್ಲ. ಕ್ರಿಸ್ಟೋಫರ್ ರೋಲ್‌ಸ್ಟನ್ ಹಳೆಯ ಹೀಬ್ರೂ ಶಾಸನಗಳಲ್ಲಿ ದೊಡ್ಡ ಹೆಸರು. ಟೆನೆಸಿಯ ಎಮ್ಯಾನುಯೆಲ್ ಕ್ರಿಶ್ಚಿಯನ್ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ, ಕಾಯಂ ಪ್ರೊಫೆಸರ್ ಆಗಿದ್ದರು. 2012ರ ಆಗಸ್ಟ್ ಕೊನೆಯಲ್ಲಿ ಹಫಿಂಗ್ಟನ್ ಪೋಸ್ಟ್‌ನಲ್ಲಿ ಒಂದು ಲೇಖನ ಬರೆದರು. ಬೈಬಲಿನ ಎಷ್ಟೋ ಕಡೆ ಹೆಂಗಸರನ್ನು ಅಂಚಿಗೆ ತಳ್ಳಲಾಗಿದೆ, ಅದನ್ನು ಒಪ್ಪಿಕೊಳ್ಳಲು ನಮಗೆ ಮನಸ್ಸಿಲ್ಲ ಎನ್ನುವ ಲೇಖನ. ಓದಿದ ಯಾವ ವಿದ್ವಾಂಸನಿಗೂ ಅದರಲ್ಲಿ ಹೊಸದೇನೂ ಇರಲಿಲ್ಲ. ಆದರೆ ಅದನ್ನು ತರಗತಿಯಲ್ಲಿ ಹೇಳುವುದಕ್ಕೂ ಎಲ್ಲರೂ ಓದುವ ಕಡೆ ಹೇಳುವುದಕ್ಕೂ ವ್ಯತ್ಯಾಸ ಇದೆ. ಅವರ ಮೇಲೆ ಶಿಸ್ತಿನ ಕ್ರಮ ಶುರುವಾಯಿತು. ವರ್ಷ ಮುಗಿಯುವ ಹೊತ್ತಿಗೆ ಅವರು ಅಲ್ಲಿಂದ ಹೊರಟಿದ್ದರು. ಆಮೇಲೆ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು, ಅವರಿಗೆ ಹೋಗಲು ಜಾಗ ಇತ್ತು. ಬೈಬಲ್ ಕಲಿಸುವವರಲ್ಲಿ ಬಹಳಷ್ಟು ಜನರ ಸಂಬಳ ಚರ್ಚುಗಳಿಂದ, ಭಕ್ತರ ದೇಣಿಗೆಯಿಂದ ಬರುತ್ತದೆ. ಹಾಗಾಗಿ ಎಲ್ಲರ ಮುಂದೆ ಬಾಯಿ ಬಿಡುವವರಲ್ಲಿ ಎರಡು ಗುಂಪು ದೊಡ್ಡದಾಗುತ್ತದೆ: ತಮ್ಮ ಸಂಸ್ಥೆಯ ನಂಬಿಕೆಗೆ ಧಕ್ಕೆ ಬಾರದ ಮಾತಾಡುವವರು, ಮತ್ತು ಸಂಸ್ಥೆಯ ಹಂಗು ಇಲ್ಲದ ವಿಶ್ವವಿದ್ಯಾಲಯಗಳವರು. ನಡುವೆ ಇರುವ ದೊಡ್ಡ ಜನ ಸುಮ್ಮನೆ ಓದುತ್ತಾರೆ.

ಈಗ ಬರಹದ ಜಾಗಕ್ಕೆ ವಿಡಿಯೋ ಬಂದಿದೆ. ಬೈಬಲ್ ವಿದ್ವಾಂಸ ಬಾರ್ಟ್ ಅರ್ಮನ್ 2012ರಿಂದ ಜಾಲದಲ್ಲಿ ಬರೆಯುತ್ತಿದ್ದಾರೆ. ಓದುಗರು ಕೊಡುವ ಚಂದಾ ಹಸಿದವರಿಗೂ ಮನೆ ಇಲ್ಲದವರಿಗೂ ಕೆಲಸ ಮಾಡುವ ಸಂಸ್ಥೆಗಳಿಗೆ ಹೋಗುತ್ತದೆ. ಮಾರ್ಮನ್ ಚರ್ಚಿನ ಅನುವಾದ ವಿಭಾಗದಲ್ಲಿದ್ದ ಡ್ಯಾನ್ ಮೆಕ್ಲೆಲನ್ ಟಿಕ್‌ಟಾಕ್‌ನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡುತ್ತಾ ಹೆಸರಾದರು, 2023ರಲ್ಲಿ ಆ ಕೆಲಸ ಬಿಟ್ಟು ಇದನ್ನೇ ಹಿಡಿದರು. ಟಿಕ್‌ಟಾಕ್ ನಮ್ಮಲ್ಲಿ 2020ರಿಂದ ಇಲ್ಲ, ಆದರೂ ಅವರ ವಿಡಿಯೋಗಳು ಯೂಟ್ಯೂಬ್ ದಾರಿಯಲ್ಲಿ ಇಲ್ಲಿಗೂ ಬರುತ್ತವೆ. ಇಬ್ಬರೂ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಇಬ್ಬರೂ ಅಮೆರಿಕದ ಬಿಳಿಯ ಗಂಡಸರು ಎನ್ನುವುದೂ ನಿಜ.

ಭಾರತದಲ್ಲಿ ಬೈಬಲ್ ಓದಿದವರು ಇಲ್ಲವೇ? ಇದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲೇ. 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಒಂದು ಭಾಷಣ ಮಾಡಿದರು. ದಲಿತ ದೇವತಾಶಾಸ್ತ್ರ ಎಂದು ಇವತ್ತು ಕರೆಯುವ ವಿಚಾರಕ್ಕೆ ಅದು ಮೊದಲ ಹೆಜ್ಜೆ. ಅಲ್ಲಿಯವರೆಗೆ ಭಾರತದ ಕ್ರೈಸ್ತ ಚಿಂತನೆ ಎಂದರೆ ಬೈಬಲನ್ನು ವೇದಾಂತದ ಜೊತೆ ಹೊಂದಿಸುವುದು. ಚರ್ಚಿನಲ್ಲಿ ಕೂತವರಲ್ಲಿ ಹೆಚ್ಚಿನವರು ದಲಿತರಾಗಿರುವಾಗ ಇದು ಯಾರ ಬೈಬಲ್ ಎಂದು ನಿರ್ಮಲ್ ಕೇಳಿದರು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ನಮ್ಮ ಪೂರ್ವಜ ಅಲೆಮಾರಿಯಾಗಿದ್ದ ಎಂದು ಹೇಳಿಕೊಳ್ಳುವ ಮಾತಿದೆ. ಆಮೇಲಿನ ಬರಹದಲ್ಲಿ ಅವರು ಆ ಮಾತನ್ನು ದಲಿತರ ನೆನಪಿನ ಜೊತೆ ಇಟ್ಟು ಓದಿದರು. ನಮ್ಮವರಿಗೆ ಊರಿನೊಳಗೆ ಜಾಗವೇ ಇರಲಿಲ್ಲ, ಅವರ ಹಿನ್ನೆಲೆಗಿಂತ ನಮ್ಮದು ಇನ್ನೂ ಕೆಳಗಿನದು ಎಂದರು. ಇದೇ ಕಾಲೇಜಿನಲ್ಲಿ ಓದಿದ ಶ್ರೀಲಂಕಾದ ಆರ್. ಎಸ್. ಸುಗಿರ್ತರಾಜ ಆಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ, ವಸಾಹತುಶಾಹಿಯ ಹಿಡಿತದಿಂದ ಬೈಬಲನ್ನು ಬಿಡುಗಡೆ ಮಾಡುವ ಓದಿಗೆ ದಾರಿ ಹಾಕಿದರು.

ಇವರ ಕೆಲಸ ಪಶ್ಚಿಮದ ತರಗತಿಗಳಲ್ಲಿ ಪಾಠವಾಗಿದೆ. ಆದರೆ ಸಾಮಾನ್ಯ ಓದುಗರು ಸೇರುವ ಜಾಲದ ಚರ್ಚೆಯಲ್ಲಿ ಅದರ ಸದ್ದು ಬಹಳ ಕಡಿಮೆ. ಅಲ್ಲಿ ವಿಷಯ ಏನಿದ್ದರೂ ಅಕ್ಷರ, ಶಾಯಿ, ಕಾಲ, ಅಸಲಿ, ನಕಲಿ. ಇದು ಬಹಳ ಮುಖ್ಯ, ಇಲ್ಲ ಅನ್ನುತ್ತಿಲ್ಲ. ಆದರೆ ಯಾರು ಕೂತಿದ್ದಾರೋ ಅವರ ಆಸಕ್ತಿಯೇ ಕ್ಷೇತ್ರದ ಆಸಕ್ತಿ ಆಗಿಬಿಡುತ್ತದೆ. ಒಂದು ಚೂರು ಎರಡನೆಯ ಶತಮಾನದ್ದೋ ಮೂರನೆಯದ್ದೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ವಚನವನ್ನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತ ದಲಿತ ಹೆಂಗಸು ಹೇಗೆ ಕೇಳಿಸಿಕೊಳ್ಳುತ್ತಾಳೆ ಎನ್ನುವುದು ಅಲ್ಲಿ ಪ್ರಶ್ನೆಯಾಗಿ ಏಳುವುದೇ ಅಪರೂಪ.

ಕನ್ನಡದ ಮಾತು ಇನ್ನೂ ಬೇರೆ. ಕನ್ನಡಕ್ಕೆ ಬೈಬಲ್ ಬಂದು ಸುಮಾರು ಇನ್ನೂರು ವರ್ಷ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅನುವಾದ ಮಾಡಿದರು, 1830ರ ದಶಕದ ಆರಂಭಕ್ಕೆ ಪೂರ್ತಿ ಬೈಬಲ್ ಅಚ್ಚಾಗಿತ್ತು. ಅವರ ಪಕ್ಕ ಕೂತು ಪದ ಹೇಳಿಕೊಟ್ಟ ಮುನ್ಷಿಗಳ ಹೆಸರು ಮುಖಪುಟಕ್ಕೆ ಬರಲಿಲ್ಲ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಮುಂದೆ ಮೊಗ್ಲಿಂಗ್, ಕಿಟ್ಟೆಲ್‌ರಂಥವರನ್ನು ಕೊಟ್ಟಿತು. ಕಿಟ್ಟೆಲ್ ನಿಘಂಟನ್ನು ಕನ್ನಡಿಗರೆಲ್ಲ ತಲೆಮೇಲೆ ಹೊತ್ತುಕೊಂಡರು, ಸರಿಯೇ. ಆದರೆ ಕಿಟ್ಟೆಲ್‌ರ ಹಾಗೆ ಹಸ್ತಪ್ರತಿ ಹೋಲಿಸುವ ಶಿಸ್ತು ಕನ್ನಡ ಕಾವ್ಯಗಳಿಗೆ ಸಿಕ್ಕಿತು, ಕನ್ನಡದಲ್ಲಿ ಬೈಬಲಿಗೆ ಸಿಗಲಿಲ್ಲ. ಇವತ್ತು ಕನ್ನಡದಲ್ಲಿ ಬೈಬಲ್ ಎಂದು ಹುಡುಕಿದರೆ ಸಿಗುವುದು ಹೆಚ್ಚಾಗಿ ಪ್ರವಚನ, ಪ್ರಾರ್ಥನೆ, ಗೀತೆ. ಇನ್ನೊಂದು ಕಡೆ ಮತಾಂತರದ ಜಗಳ. ಇವೆರಡರ ನಡುವೆ, ಈ ಪುಸ್ತಕ ಹೇಗೆ ಬಂತು, ಯಾವ ಪ್ರತಿಯಲ್ಲಿ ಏನಿದೆ ಎಂದು ತಣ್ಣಗೆ ಹೇಳುವ ಬರಹ ತೀರ ವಿರಳ.

ಹೇಳಬಲ್ಲವರು ನಮ್ಮಲ್ಲಿ ಇಲ್ಲದೆ ಇಲ್ಲ. ಬೆಂಗಳೂರು, ಮಂಗಳೂರಿನ ಸೆಮಿನರಿಗಳಲ್ಲಿ ಗ್ರೀಕ್, ಹೀಬ್ರೂ ಕಲಿಸುತ್ತಾರೆ, ಕಲಿಯುವವರಲ್ಲಿ ಕನ್ನಡಿಗರೂ ಇದ್ದಾರೆ. ಆದರೆ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ. ಮುಗಿಸಿದ ಮೇಲೆ ಸಭೆಗೆ ಹೋಗಿ ಕನ್ನಡದಲ್ಲಿ ಪ್ರಸಂಗ ಮಾಡಬೇಕು. ಕಲಿತದ್ದನ್ನು ಅಲ್ಲಿ ಹೇಳಿದರೆ ಸಭೆಯವರು ಏನಂದಾರು, ಮೇಲಿನವರು ಏನಂದಾರು ಎನ್ನುವ ಲೆಕ್ಕ ಬರುತ್ತದೆ. ಟೆನೆಸಿಯಲ್ಲಿ ಕಾಯಂ ಪ್ರೊಫೆಸರ್ ಒಬ್ಬರಿಗೇ ಆ ಗತಿಯಾದ ಮೇಲೆ, ಜಿಲ್ಲೆಯ ಸಣ್ಣ ಸಭೆಯ ಪಾದ್ರಿ ಹೆದರಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಇದರ ಫಲ ಒಂದು ಉದಾಹರಣೆಯಲ್ಲಿ ನೋಡಬಹುದು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಅತ್ಯಂತ ಹಳೆಯ ಎರಡು ಪೂರ್ಣ ಪ್ರತಿಗಳಲ್ಲಿ ಇಲ್ಲ. ಸಿನಾಯ್ ಪ್ರತಿಯೂ ವ್ಯಾಟಿಕನ್ ಪ್ರತಿಯೂ 16ನೇ ಅಧ್ಯಾಯದ 8ನೇ ವಚನಕ್ಕೆ ನಿಲ್ಲುತ್ತವೆ. ಹೆಂಗಸರು ಸಮಾಧಿಯಿಂದ ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ, ಅಲ್ಲಿಗೆ ಮುಗಿಯಿತು. ಇದು ಗುಟ್ಟಲ್ಲ. ಅನೇಕ ಹೊಸ ಅನುವಾದಗಳಲ್ಲಿ ಅಡಿಟಿಪ್ಪಣಿಯಾಗಿ ಇದೆ. ನಾಲ್ಕು ಕಡೆ ಹಂಚಿಹೋಗಿದ್ದ ಸಿನಾಯ್ ಪ್ರತಿಯ ಹಾಳೆಗಳನ್ನು ಒಟ್ಟುಗೂಡಿಸಿ 2009ರಲ್ಲೇ ಜಾಲದಲ್ಲಿ ಹಾಕಿದ್ದಾರೆ, ಒಂದು ಪೈಸೆ ಕೊಡಬೇಕಿಲ್ಲ. ಬಳ್ಳಾರಿಯಲ್ಲಿ ಕೂತವರೂ ಫೋನಿನಲ್ಲಿ ಆ ಹಾಳೆ ತೆರೆಯಬಹುದು. ಅಲ್ಲಿ ಗ್ರೀಕ್ ಇದೆ, ಇಂಗ್ಲಿಷ್ ವಿವರಣೆ ಇದೆ. ಇದರಿಂದ ನಂಬಿಕೆ ಕೆಡುತ್ತದೆ ಎಂದು ಹೆದರಬೇಕಾಗಿಲ್ಲ ಎಂದೋ, ಇಲ್ಲ ಹೆದರಬೇಕು ಎಂದೋ, ಕನ್ನಡದಲ್ಲಿ ವಾದಕ್ಕೆ ಇಳಿಯುವ ಜನ ಮಾತ್ರ ಇನ್ನೂ ಬರಬೇಕು.